ಡಬ್ಬಿಯಡಿಯ ಹಾಳೆ

ಅಮ್ಮ ಹೋಗಿ ವರ್ಷ ತುಂಬಿದ ಮೇಲೆ ರಾಜಾಜಿನಗರದ ಮನೆಯನ್ನು ಖಾಲಿ ಮಾಡಬೇಕಾಯಿತು. ಹಳೆಯ ಮನೆ ಕೆಡವಿ ಫ್ಲಾಟ್ ಕಟ್ಟುವವರ ಜತೆ ತಮ್ಮ ಮಾತಾಡಿ ಮುಗಿಸಿದ್ದ. ಬೀರು, ಮಂಚ, ಪುಸ್ತಕಗಳನ್ನೆಲ್ಲ ಅವನೇ ನೋಡಿಕೊಂಡ. ಅಡುಗೆಮನೆ ನನ್ನ ಪಾಲಿಗೆ ಬಂತು.

ನಮ್ಮ ಅಡುಗೆಮನೆಯಲ್ಲಿ ಕಡಪಾ ಕಲ್ಲಿನ ಷೆಲ್ಫುಗಳು. ಅಮ್ಮ ಅವುಗಳ ಮೇಲೆ ಸದಾ ಕಾಗದ ಹಾಸುತ್ತಿದ್ದಳು. ದಿನಪತ್ರಿಕೆಯ ಕಾಗದ ಬೇಗ ಜಿಡ್ಡು ಹಿಡಿಯುತ್ತದೆಂದು ಅವಳಿಗೆ ಅದು ಆಗದು. ಅಂಚೆಯಲ್ಲಿ ಬರುತ್ತಿದ್ದ ಕಂಪನಿಗಳ ವಾರ್ಷಿಕ ವರದಿಯ ದಪ್ಪ, ನುಣುಪು ಹಾಳೆಯೇ ಆಗಬೇಕು. ಹಾಗಾಗಿ ಸಾಸಿವೆ, ಮೆಂತ್ಯ, ಉದ್ದಿನಬೇಳೆಯ ಡಬ್ಬಿಗಳೆಲ್ಲ ಯಾವುದೋ ಕಂಪನಿಯ ಲಾಭನಷ್ಟದ ಮೇಲೆ ಕೂತಿರುತ್ತಿದ್ದವು. ಮೇಲಿನ ಷೆಲ್ಫಿನ ಮೂಲೆಯಲ್ಲಿ, ವರ್ಷಕ್ಕೊಮ್ಮೆ ಮಾತ್ರ ಇಳಿಸುತ್ತಿದ್ದ ಹಪ್ಪಳದ ಡಬ್ಬಿಯ ಕೆಳಗೆ, ಅಂಥ ಒಂದು ಹಾಳೆ ಉಳಿದಿತ್ತು. ಷೆಲ್ಫಿನ ಅಳತೆಗೆ ಕತ್ತರಿಯಲ್ಲಿ ಕತ್ತರಿಸಿದ್ದರಿಂದ ಮೇಲಿನ ಅರ್ಧ ಇರಲಿಲ್ಲ. ಅಂಚಿನಲ್ಲಿ ಅಮ್ಮನ ಕೈಬರಹದಲ್ಲಿ ಹಾಲಿನ ಲೆಕ್ಕ. ನಡುವೆ ಅಚ್ಚಾಗಿದ್ದ ಸಾಲುಗಳಲ್ಲಿ ಆ ಕಂಪನಿಯ ಹೆಸರು ನೋಡಿ ಸ್ಟೂಲಿನಿಂದ ಇಳಿದು ಕೂತುಬಿಟ್ಟೆ.

ಅಮ್ಮನ ಬಳೆಯ ದುಡ್ಡು ಹೋದದ್ದು ಆ ಕಂಪನಿಯಲ್ಲಿ. ಎದುರುಮನೆ ಚಿಕ್ಕಮ್ಮನ ಸ್ನೇಹ ಹೋದದ್ದೂ ಅದರಲ್ಲೇ.

ಕಂಪನಿಯ ಹೆಸರು ಇಲ್ಲಿ ಬೇಡ. ಅದು ಮುಚ್ಚಿ ಬಹಳ ಕಾಲವಾಯಿತು. ನಮ್ಮ ರಾಜಾಜಿನಗರದವರಿಗೆ ಕಂಪನಿಗಳೆಂದರೆ ದೂರದ ವಸ್ತುಗಳಲ್ಲ. 1940ರ ದಶಕದ ಕೊನೆಗೆ ಕೈಗಾರಿಕಾ ಉಪನಗರವೆಂದೇ ಹುಟ್ಟಿದ ಬಡಾವಣೆ ಇದು. ಸೈರನ್ ಕೂಗಿದರೆ ಗಡಿಯಾರ ನೋಡಬೇಕಾಗಿರಲಿಲ್ಲ. 1916ರಲ್ಲಿ ಮೈಸೂರು ಸಂಸ್ಥಾನ ಶುರುಮಾಡಿದ ಸಾಬೂನು ಕಾರ್ಖಾನೆ 1957ರಲ್ಲಿ ಇಲ್ಲಿಗೆ ಬಂದಿತು; ಗಾಳಿ ಬೀಸಿದ ದಿಕ್ಕಿನ ಬೀದಿಗಳಿಗೆಲ್ಲ ಗಂಧದ ವಾಸನೆ. 1946ರಲ್ಲಿ ಆರಂಭವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯ ಮೋಟಾರುಗಳ ಹೆಸರು ಹೊಲದಲ್ಲಿ ಬಾವಿ ಇದ್ದ ನೆಂಟರಿಗೆಲ್ಲ ಗೊತ್ತು. ಒಂದೊಂದು ಮನೆಯಿಂದ ಒಬ್ಬರಾದರೂ ಯಾವುದಾದರೂ ಕಾರ್ಖಾನೆಗೆ ಹೋಗುತ್ತಿದ್ದರು.

ಆದರೆ ಈ ಕಾರ್ಖಾನೆಗಳು ನಿಂತ ಹಣ ಒಂದೇ ಬಗೆಯದಲ್ಲ. ಸಾಬೂನು ಕಾರ್ಖಾನೆಯ ಹಣ ಸಂಸ್ಥಾನದ ಖಜಾನೆಯದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯದೂ ಹಾಗೆಯೇ. ಅಂಥ ಕಡೆ ಯಾರ ಮನೆಬಾಗಿಲಿಗೂ ಹೋಗಿ ಬಂಡವಾಳ ಕೇಳಬೇಕಾಗಿರಲಿಲ್ಲ. ಇನ್ನು ಕೆಲವು ಸಂಸ್ಥೆಗಳು ಜನರಿಂದ ಹಣ ಕೂಡಿಸಿದವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಷೇರು ಬಂಡವಾಳದ ಮೇಲೆ ಬ್ಯಾಂಕ್ ಆಫ್ ಮೈಸೂರು ಹುಟ್ಟಿತು. 1933ರಲ್ಲಿ ಹುಟ್ಟಿದ ಮಂಡ್ಯದ ಸಕ್ಕರೆ ಕಂಪನಿಯಲ್ಲಿ ಸರ್ಕಾರದ ಜತೆಗೆ ಕಬ್ಬು ಬೆಳೆಯುವ ರೈತರೂ ಷೇರುದಾರರಾದರು. ಸ್ವಾತಂತ್ರ್ಯ ಬಂದ ಮೇಲೆ ಖಾಸಗಿ ಕಂಪನಿಗಳು ಬೆಳೆದಂತೆ ಜನರ ಹಣಕ್ಕೆ ಬೇಡಿಕೆಯೂ ಬೆಳೆಯಿತು. 1963ರಲ್ಲಿ ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್ ಸ್ಥಾಪನೆಯಾಯಿತು. 1964ರಲ್ಲಿ ರಾಜ್ಯ ಸರ್ಕಾರದ ಕೈಗಾರಿಕಾ ಬಂಡವಾಳ ಮತ್ತು ಅಭಿವೃದ್ಧಿ ನಿಗಮ ಬಂದಿತು. ಎಂಬತ್ತರ ದಶಕದ ಹೊತ್ತಿಗೆ ಷೇರಿನ ಅರ್ಜಿ ಫಾರಂಗಳು ಮಧ್ಯಮವರ್ಗದ ಮನೆಗಳ ಟೀಪಾಯಿ ಮೇಲೆ ಬಿದ್ದಿರುವುದು ಸಾಮಾನ್ಯವಾಯಿತು.

1982ರಲ್ಲಿ ಅಂಥ ಒಂದು ಫಾರಂ ನಮ್ಮ ಮನೆಗೂ ಬಂತು. ತಂದವರು ಎದುರುಮನೆ ಚಿಕ್ಕಪ್ಪ. ಅವರು ಬ್ಯಾಂಕೊಂದರಲ್ಲಿ ಗುಮಾಸ್ತೆ. ಚಿಕ್ಕಮ್ಮ, ಚಿಕ್ಕಪ್ಪ ಎಂದು ಕರೆಯುತ್ತಿದ್ದೆವೇ ಹೊರತು ಅವರು ನಮಗೆ ನೆಂಟರಲ್ಲ. ನೆಂಟರಿಗಿಂತ ಹೆಚ್ಚು. ಅಮ್ಮನೂ ಚಿಕ್ಕಮ್ಮನೂ ಒಂದೇ ವರ್ಷ ಆ ಬೀದಿಗೆ ಸೊಸೆಯರಾಗಿ ಬಂದವರು. ಹಪ್ಪಳ ಸಂಡಿಗೆ ಒಟ್ಟಿಗೆ, ಗೌರಿಬಾಗಿನ ಮೊದಲು ಒಬ್ಬರಿಗೊಬ್ಬರು, ನವರಂಗ್ ಟಾಕೀಸಿಗೆ ಮ್ಯಾಟಿನಿ ಒಟ್ಟಿಗೆ. ಈ ಕಂಪನಿಯ ಕಾಗದಗಳನ್ನೂ ಒಟ್ಟಿಗೇ ಕೊಂಡರು. ಅಮ್ಮ ತನ್ನ ಎರಡು ಹಳೆಯ ಬಳೆ ಮಾರಿ 3,000 ರೂಪಾಯಿ ಹಾಕಿದಳು. ಚಿಕ್ಕಮ್ಮನೂ ಅಷ್ಟೇ ಹಾಕಿದರು. “ನಾವಿಬ್ಬರೂ ಒಂದೇ ಕಂಪನಿ ಷೇರು ತೊಗೊಂಡಿದ್ದೀವಿ” ಎಂದು ಅಮ್ಮ ಎಲ್ಲರಿಗೂ ಹೇಳುತ್ತಿದ್ದಳು. ತಾನು ಒಂದು ಕಾರ್ಖಾನೆಯ ಮಾಲೀಕಳೆಂದು ತಮಾಷೆ ಮಾಡಿಕೊಂಡು ಅಪ್ಪನನ್ನು ರೇಗಿಸುತ್ತಿದ್ದಳು.

ಮೊದಲ ಕೆಲವು ವರ್ಷ ಡಿವಿಡೆಂಡ್ ಬಂತು. ಆಮೇಲೆ ಬರಲಿಲ್ಲ. ತೊಂಬತ್ತರ ದಶಕದ ಆರಂಭಕ್ಕೆ ಕಾರ್ಖಾನೆಯ ಗೇಟಿಗೆ ಬೀಗ ಬಿತ್ತು, ವ್ಯವಹಾರ ಕೋರ್ಟಿಗೆ ಹೋಯಿತು. ಅಮ್ಮ ಅದನ್ನು ಮರೆಯುವ ಪ್ರಯತ್ನದಲ್ಲಿದ್ದಳು. 1996ರ ಒಂದು ದಿನ ಎದುರುಮನೆಗೆ ರಿಜಿಸ್ಟರ್ ಪೋಸ್ಟಿನಲ್ಲಿ ಚೆಕ್ಕು ಬಂತು. ಮುಂದಿನ ವರ್ಷ ಇನ್ನೊಂದು. ನಮ್ಮ ಮನೆಗೆ ಏನೂ ಬರಲಿಲ್ಲ.

ಅಮ್ಮ ಬಹಳ ದಿನ ಕಾದಳು. ಕೊನೆಗೆ ಒಂದು ಮಧ್ಯಾಹ್ನ ಎದುರುಮನೆಯ ಬಾಗಿಲಲ್ಲೇ ನಿಂತು ಕೇಳಿದಳು. “ನಿಮ್ಮನೆಯವರು ಬ್ಯಾಂಕಿನಲ್ಲಿದ್ದಾರೆ, ನಾಲ್ಕು ಜನ ಗೊತ್ತು. ನಿಮ್ಮ ದುಡ್ಡು ಬಿಡಿಸಿಕೊಳ್ಳೋವಾಗ ನಮ್ಮದಕ್ಕೂ ಒಂದು ಮಾತು ಹೇಳಬಹುದಿತ್ತಲ್ಲ?” ಚಿಕ್ಕಮ್ಮನ ಮುಖ ಕೆಂಪಾಯಿತು. “ಏನ್ರೀ ಹೀಗಂತೀರಿ? ನಾವೇನು ಕದ್ದು ತಂದ್ವಾ?” ಎಂದರು. ಅದಾದ ಮೇಲೆ ಆ ಎರಡು ಮನೆಗಳ ನಡುವೆ ಮಾತು ನಿಂತಿತು. ಆ ವರ್ಷದ ಗೌರಿಹಬ್ಬಕ್ಕೆ ಅಮ್ಮ ಬಾಗಿನದ ಮೊರ ಹಿಡಿದು ಎದುರುಮನೆ ದಾಟಿಕೊಂಡು ಮುಂದಿನ ಬೀದಿಗೆ ಹೋದದ್ದು ನನಗೆ ನೆನಪಿದೆ. ಸ್ವಲ್ಪ ವರ್ಷದಲ್ಲಿ ಅವರು ಮನೆ ಮಾರಿ ವಿಜಯನಗರಕ್ಕೆ ಹೋದರು. ಅಮ್ಮ ಕಡೆಯವರೆಗೂ ಅವರ ಹೆಸರೆತ್ತಿದರೆ “ಬಿಡೇ, ಅವರು ಜಾಣರು” ಎನ್ನುತ್ತಿದ್ದಳು.

ನಾನೂ ಅದನ್ನೇ ನಂಬಿದ್ದೆ. ವಾಣಿಜ್ಯಶಾಸ್ತ್ರ ಓದಿದವಳು, ಮೂವತ್ತು ವರ್ಷದಿಂದ ಬಸವೇಶ್ವರನಗರದ ಮನೆಯಲ್ಲಿ ಪಿ.ಯು.ಸಿ., ಬಿ.ಕಾಂ. ಹುಡುಗ ಹುಡುಗಿಯರಿಗೆ ಅಕೌಂಟ್ಸ್ ಟ್ಯೂಷನ್ ಹೇಳುವವಳು, ನನ್ನಮ್ಮನ ಲೆಕ್ಕವನ್ನು ಒಂದು ದಿನವೂ ಕೈಗೆತ್ತಿಕೊಂಡಿರಲಿಲ್ಲ.

ಈಗ ಹಾಳೆಯ ವಿಷಯ. ಅದರಲ್ಲಿ ಪೂರ್ತಿಯಾಗಿ ಉಳಿದದ್ದು ಎರಡೇ ಸಂಗತಿ. ಒಂದು, 1982ರಲ್ಲಿ ಸಾರ್ವಜನಿಕರಿಂದ ಕೂಡಿಸಿದ ಒಟ್ಟು ಮೊತ್ತ 80 ಲಕ್ಷ ರೂಪಾಯಿ. ಇನ್ನೊಂದು, ಹಣ ಕೂಡಿಸಲು ಆದ ಖರ್ಚಿನ ಪಟ್ಟಿಯಲ್ಲಿ ಒಂದು ಸಾಲು: ಅಂಡರ್‌ರೈಟಿಂಗ್ ಕಮಿಷನ್, ಕಾಯಿದೆ ಒಪ್ಪುವ ಪೂರ್ಣ ದರದಲ್ಲಿ, 2,80,000 ರೂಪಾಯಿ. ಯಾವ ಬಗೆಯ ಕಾಗದದಿಂದ ಎಷ್ಟು ಹಣ ಬಂತು ಎಂಬ ಭಾಗ ಅಮ್ಮನ ಕತ್ತರಿಗೆ ಸಿಕ್ಕಿ ಹೋಗಿತ್ತು.

ಅಂಡರ್‌ರೈಟಿಂಗ್ ಎಂದರೇನೆಂದು ಹೇಳಬೇಕು. ಮದುವೆ ಮನೆಗೆ ಇಷ್ಟು ಎಲೆ ಎಂದು ಅಡುಗೆಯವರಿಗೆ ಹೇಳಿರುತ್ತೇವೆ. ಜನ ಬರದಿದ್ದರೆ ಅನ್ನ ಉಳಿಯುತ್ತದೆ. ಕಂಪನಿಗೂ ಅದೇ ಭಯ. ಜನ ಕೊಳ್ಳದೆ ಉಳಿದರೆ ಆ ಕಾಗದವನ್ನು ನಾವು ಕೊಳ್ಳುತ್ತೇವೆ ಎಂದು ಬ್ಯಾಂಕುಗಳೋ ಹಣಕಾಸು ಸಂಸ್ಥೆಗಳೋ ದೊಡ್ಡ ದಲ್ಲಾಳಿಗಳೋ ಮೊದಲೇ ಜವಾಬ್ದಾರಿ ಹೊರುತ್ತಾರೆ. ಹಾಗೆ ಹೊತ್ತದ್ದಕ್ಕೆ ಕೊಡುವ ಹಣವೇ ಈ ಕಮಿಷನ್. ಇದು ಬರಿಯ ಶಾಸ್ತ್ರಕ್ಕಲ್ಲ. 1993ರಲ್ಲಿ ನಮ್ಮ ಬೆಂಗಳೂರಿನ ಇನ್ಫೋಸಿಸ್ ಕಂಪನಿ 95 ರೂಪಾಯಿಗೊಂದರಂತೆ ಷೇರು ಬಿಟ್ಟಾಗ ಜನ ಪೂರ್ತಿ ಕೊಳ್ಳಲಿಲ್ಲ, ಮೋರ್ಗನ್ ಸ್ಟ್ಯಾನ್ಲಿ ಸಂಸ್ಥೆ ದೊಡ್ಡ ಪಾಲು ಕೊಂಡದ್ದರಿಂದ ಗಂಟೆ ತಪ್ಪಿತು. ಅಂಥ ಕಂಪನಿಗೇ ಹಾಗಾದರೆ ಉಳಿದವರ ಪಾಡು ಊಹಿಸಬಹುದು.

ಈ ಕಮಿಷನ್ ಎಷ್ಟಿರಬಹುದೆಂಬುದಕ್ಕೆ ಕಾನೂನು ಮಿತಿ ಹಾಕಿತ್ತು. 1956ರ ಕಂಪನಿ ಕಾಯಿದೆಯ 76ನೇ ಕಲಂ ಪ್ರಕಾರ ಷೇರಿಗಾದರೆ ನೂರಕ್ಕೆ 5, ಡಿಬೆಂಚರಿಗಾದರೆ ನೂರಕ್ಕೆ ಎರಡೂವರೆ. ಅದಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. 2013ರ ಹೊಸ ಕಾಯಿದೆಯಡಿ ಮಾಡಿದ ನಿಯಮಗಳಲ್ಲೂ ಈ ಐದು ಮತ್ತು ಎರಡೂವರೆ ಹಾಗೇ ಮುಂದುವರಿದಿವೆ.

ಷೇರಿಗೆ ಏಕೆ ಹೆಚ್ಚು, ಡಿಬೆಂಚರಿಗೆ ಏಕೆ ಕಡಿಮೆ? ಷೇರು ಎಂದರೆ ಕಂಪನಿಯ ಒಡೆತನದಲ್ಲಿ ಒಂದು ತುಣುಕು. ಲಾಭ ಬಂದರೆ ಪಾಲು, ಮುಳುಗಿದರೆ ಅದರ ಜತೆ ಮುಳುಗು. ಡಿಬೆಂಚರು ಎಂದರೆ ಕಂಪನಿಗೆ ನಾವು ಕೊಟ್ಟ ಸಾಲದ ಪತ್ರ. ಲಾಭವಾಗಲಿ ನಷ್ಟವಾಗಲಿ ಬಡ್ಡಿ ಕೊಡಬೇಕು, ಅವಧಿಗೆ ಅಸಲು ತೀರಿಸಬೇಕು. ಸಾಮಾನ್ಯವಾಗಿ ಕಾರ್ಖಾನೆಯ ಜಾಗ, ಯಂತ್ರಗಳನ್ನು ಅದಕ್ಕೆ ಅಡವಾಗಿ ಬರೆದುಕೊಟ್ಟಿರುತ್ತಾರೆ. ಅಡವಿಟ್ಟು ಸಾಲ ಕೇಳುವವರನ್ನು ನಂಬುವುದು ಸುಲಭ. ಬರಿಯ ಭರವಸೆಯ ಮೇಲೆ ಪಾಲು ಕೊಳ್ಳಿರೆಂದು ಕೇಳುವವರನ್ನು ನಂಬುವುದು ಕಷ್ಟ. ಕಷ್ಟದ ಕೆಲಸಕ್ಕೆ ಕೂಲಿ ಹೆಚ್ಚು.

ಇದು ನಮ್ಮ ದೇಶದ ವಿಶೇಷವೂ ಅಲ್ಲ. ಅಮೆರಿಕದಲ್ಲಿ 1990ರಿಂದ 1994ರವರೆಗಿನ ಕಂಪನಿಗಳ ಲೆಕ್ಕ ಹಿಡಿದು ನಾಲ್ವರು ಅರ್ಥಶಾಸ್ತ್ರಜ್ಞರು 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೊದಲ ಸಲ ಷೇರು ಬಿಡುವ ಕಂಪನಿಗೆ ಕೂಡಿಸಿದ ನೂರು ಡಾಲರಿನಲ್ಲಿ ಸರಾಸರಿ 11 ಡಾಲರು ಖರ್ಚಿಗೇ ಹೋಗುತ್ತಿತ್ತು. ಆಗಲೇ ಪೇಟೆಯಲ್ಲಿರುವ ಕಂಪನಿ ಮತ್ತೆ ಷೇರು ಬಿಟ್ಟರೆ ಸುಮಾರು 7. ಸಾಲಪತ್ರಕ್ಕಾದರೆ 2 ಡಾಲರಿಗಿಂತ ಸ್ವಲ್ಪ ಹೆಚ್ಚು. ಸಣ್ಣ ಮೊತ್ತ ಕೂಡಿಸುವವರಿಗೆ ಈ ಖರ್ಚು ಇನ್ನೂ ಭಾರ. ವಕೀಲರು, ಲೆಕ್ಕಪರಿಶೋಧಕರು, ಅಚ್ಚುಕೂಟದವರು, ಕಂಪನಿ ಸಣ್ಣದೆಂದು ಯಾರೂ ಶುಲ್ಕ ಇಳಿಸುವುದಿಲ್ಲವಲ್ಲ.

ಹಣಕಾಸಿನ ಪಾಠದಲ್ಲಿ ಮೋದಿಗ್ಲಿಯಾನಿ ಮತ್ತು ಮಿಲ್ಲರ್ ಎಂಬಿಬ್ಬರ ಹೆಸರು ಬರುತ್ತದೆ. ಖರ್ಚು, ತೆರಿಗೆ ಯಾವುದೂ ಇಲ್ಲದ ಲೋಕದಲ್ಲಿ ಕಂಪನಿ ಸಾಲ ಮಾಡಿದರೇನು, ಷೇರು ಬಿಟ್ಟರೇನು, ಅದರ ಬೆಲೆ ಒಂದೇ ಎಂದು ಅವರು 1958ರಲ್ಲಿ ತೋರಿಸಿದರು. ಅಂಥ ಲೋಕ ಎಲ್ಲೂ ಇಲ್ಲ. ನಿಜವಾದ ಕಂಪನಿಗಳು ಮೊದಲು ಸ್ವಂತ ಉಳಿತಾಯ ಬಳಸುತ್ತವೆ, ಸಾಲದಿದ್ದರೆ ಸಾಲ ತರುತ್ತವೆ, ಕಡೆಗೆ ಷೇರಿಗೆ ಕೈ ಹಾಕುತ್ತವೆ ಎಂದು ಮೈಯರ್ಸ್ ಎಂಬ ವಿದ್ವಾಂಸರು 1984ರಲ್ಲಿ ಬರೆದರು. ನಮ್ಮ ಹೆಂಗಸರು ಇದನ್ನು ಓದದೆಯೇ ಬಲ್ಲರು. ಮೊದಲು ಸಾಸಿವೆ ಡಬ್ಬಿಯ ದುಡ್ಡು, ಆಮೇಲೆ ಒಡವೆ ಅಡವು. ಮನೆಯಲ್ಲಿ ಪಾಲು ಬರೆದುಕೊಡುವ ಮಾತು ಕಟ್ಟಕಡೆಗೆ.

ಇಷ್ಟು ತಿಳಿದ ಮೇಲೆ ಹಾಳೆಯ ಲೆಕ್ಕ ಸುಲಭ. ನನ್ನ ಟ್ಯೂಷನ್ ಮಕ್ಕಳಿಗೆ ಈ ಬಗೆಯ ಲೆಕ್ಕವನ್ನು ಕಾಫಿಪುಡಿಯಿಂದ ಹೇಳಿಕೊಡುತ್ತೇನೆ. ಅಪ್ಪಟ ಕಾಫಿಪುಡಿ ಕಿಲೋಗೆ 600 ರೂಪಾಯಿ, ಚಿಕೋರಿ 200 ಎಂದಿಟ್ಟುಕೊಳ್ಳಿ. ಅಂಗಡಿಯವನು ಲಾಭ ಸೇರಿಸದೆ ಬೆರೆಸಿದ ಪುಡಿಯನ್ನು 480ಕ್ಕೆ ಕೊಟ್ಟರೆ ಅದರಲ್ಲಿ ಚಿಕೋರಿ ಎಷ್ಟೆಂದು ಪುಡಿಯನ್ನು ಮೂಸದೆಯೇ ಹೇಳಬಹುದು: ನೂರಕ್ಕೆ 30. ಎರಡು ಪದಾರ್ಥಗಳ ಬೆಲೆಯೂ ಮಿಶ್ರಣದ ಬೆಲೆಯೂ ಗೊತ್ತಿದ್ದರೆ ಬೆರಕೆಯ ಪ್ರಮಾಣ ತಾನಾಗಿ ಸಿಗುತ್ತದೆ.

ಕಂಪನಿಯದೂ ಹಾಗೆಯೇ. 80 ಲಕ್ಷವೂ ಷೇರಿನಿಂದಲೇ ಬಂದಿದ್ದರೆ ನೂರಕ್ಕೆ 5ರಂತೆ ಕಮಿಷನ್ 4 ಲಕ್ಷ ಆಗಬೇಕಿತ್ತು. ಪೂರ್ತಿ ಡಿಬೆಂಚರಿನಿಂದ ಬಂದಿದ್ದರೆ 2 ಲಕ್ಷ. ಹಾಳೆಯಲ್ಲಿರುವುದು 2,80,000. ಅಂದರೆ ಎರಡು ಲಕ್ಷಕ್ಕಿಂತ 80,000 ಹೆಚ್ಚು. ಡಿಬೆಂಚರಿನ ಬದಲು ಷೇರಿನಿಂದ ಬಂದ ಪ್ರತಿ ಒಂದು ಲಕ್ಷಕ್ಕೂ ಕಮಿಷನ್ 2,500 ರೂಪಾಯಿ ಹೆಚ್ಚುತ್ತದೆ. 80,000ವನ್ನು 2,500ರಿಂದ ಭಾಗಿಸಿದರೆ 32. ಹಾಗಾದರೆ ಷೇರಿನ ಹಣ 32 ಲಕ್ಷ, ಡಿಬೆಂಚರಿನ ಹಣ 48 ಲಕ್ಷ. ಹತ್ತು ರೂಪಾಯಿಯಲ್ಲಿ ನಾಲ್ಕು ಪಾಲುದಾರರದು, ಆರು ಸಾಲ ಕೊಟ್ಟವರದು.

ಅಡುಗೆಮನೆಯ ನೆಲದ ಮೇಲೆ ಕೂತು, ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ಈ ಲೆಕ್ಕ ಮಾಡಿದೆ. ಎರಡು ಸಲ ತಾಳೆ ನೋಡಿದೆ. ತಪ್ಪಿರಲಿಲ್ಲ.

ಈ ಲೆಕ್ಕಕ್ಕೂ ಮಿತಿ ಉಂಟು. ಅದನ್ನು ಹೇಳದಿದ್ದರೆ ನನ್ನ ವಿದ್ಯಾರ್ಥಿಗಳೇ ಹಿಡಿದುಕೊಳ್ಳುತ್ತಾರೆ. 5 ಮತ್ತು ಎರಡೂವರೆ ಎಂಬುದು ಗರಿಷ್ಠ ದರ. “ಪೂರ್ಣ ದರದಲ್ಲಿ” ಎಂಬ ಮಾತು ಹಾಳೆಯಲ್ಲಿ ಇಲ್ಲದಿದ್ದರೆ, ಷೇರಿನ ಪಾಲು 32 ಲಕ್ಷಕ್ಕೆ ಕಡಿಮೆ ಇರಲಾರದು ಎಂದಷ್ಟೇ ಹೇಳಬಹುದಿತ್ತು. ಇಸವಿಯೂ ಮುಖ್ಯ. 1985ರಲ್ಲಿ ಸರ್ಕಾರ ಈ ದರಗಳನ್ನು ಇನ್ನೂ ತಗ್ಗಿಸಿತು; ಆಮೇಲಿನ ಕಂಪನಿಗೆ ಹಳೆಯ ದರ ಹಾಕಿದರೆ ಉತ್ತರ ತಪ್ಪುತ್ತದೆ. ಜಾಹೀರಾತು, ಅಚ್ಚು, ಅಂಚೆಯ ಖರ್ಚನ್ನು ನಾನು ಹಿಡಿಯಲಿಲ್ಲ. ಅವು ಷೇರಿಗೆಷ್ಟು ಡಿಬೆಂಚರಿಗೆಷ್ಟು ಎಂದು ಬೇರ್ಪಡಿಸಲಾಗದು. ಇನ್ನೊಂದು, ಇದು ಆ ಒಂದು ಸಲ ಕೂಡಿಸಿದ ಹಣದ ಲೆಕ್ಕ ಮಾತ್ರ. ಅದಕ್ಕೆ ಮೊದಲಿದ್ದ ಬಂಡವಾಳ, ಬ್ಯಾಂಕಿನ ಸಾಲ ಇದರಲ್ಲಿ ಸೇರಿಲ್ಲ. ಪೂರ್ಣ ದರ ಕೊಟ್ಟದ್ದರಲ್ಲೂ ಒಂದು ಸುಳಿವಿದೆ. ಸುಲಭವಾಗಿ ಬಿಕರಿಯಾಗುವ ಕಾಗದಕ್ಕೆ ಯಾರೂ ಪೂರ್ಣ ದರ ಕೊಡುವುದಿಲ್ಲ. ಜವಾಬ್ದಾರಿ ಹೊತ್ತವರಿಗೆ ಆಗಲೇ ಅನುಮಾನವಿತ್ತೆಂದು ಕಾಣುತ್ತದೆ. ಅಮ್ಮನಿಗಿರಲಿಲ್ಲ.

ಆದರೆ ನನ್ನನ್ನು ಕೂರಿಸಿದ್ದು ಆ ಅಂಕಿಗಿಂತ ಹೆಚ್ಚಾಗಿ ಒಂದು ಸಣ್ಣ ಸಂಗತಿ. ಆ ಕಂಪನಿ ಡಿಬೆಂಚರು ಬಿಟ್ಟಿತ್ತೆಂಬುದೇ ನನಗೆ ಗೊತ್ತಿರಲಿಲ್ಲ. “ಇಬ್ಬರೂ ಷೇರು ತೊಗೊಂಡಿದ್ದೀವಿ” ಎಂಬ ಅಮ್ಮನ ಮಾತನ್ನೇ ಮನೆಯವರೆಲ್ಲ ಹಿಡಿದಿದ್ದೆವು. ನಮ್ಮ ಬೀದಿಯಲ್ಲಿ ಕಂಪನಿಯಿಂದ ಬರುವ ಕಾಗದಕ್ಕೆಲ್ಲ ಷೇರು ಎಂದೇ ಹೆಸರು. ಎಲ್ಲ ವನಸ್ಪತಿಗೂ ಡಾಲ್ಡಾ ಎನ್ನುವ ಹಾಗೆ.

ಕಂಪನಿ ಮುಳುಗಿದಾಗ ಉಳಿದ ಆಸ್ತಿ ಮಾರಿ ಹಣ ಹಂಚುವುದಕ್ಕೆ ಆಗಿನ ಕಾನೂನಿನಲ್ಲಿ ಒಂದು ಸಾಲು ಇತ್ತು. ಅಡವು ಬರೆಸಿಕೊಂಡವರು ಮೊದಲು. 1985ರ ತಿದ್ದುಪಡಿಯಿಂದ ಕಾರ್ಮಿಕರ ಬಾಕಿಗೂ ಅವರ ಜತೆ ಸಮನಾದ ಜಾಗ ಸಿಕ್ಕಿತು. ಗೇಟಿಗೆ ಬೀಗ ಬಿದ್ದ ಕಾರ್ಖಾನೆಗಳ ಊರಿನಲ್ಲಿ ಬೆಳೆದ ನನಗೆ ಅದು ನ್ಯಾಯವೆಂದೇ ತೋರುತ್ತದೆ. ಆಮೇಲೆ ಸರ್ಕಾರದ ತೆರಿಗೆಯಂಥ ಬಾಕಿ, ಆಮೇಲೆ ಅಡವಿಲ್ಲದ ಸಾಲಗಾರರು. ಎಲ್ಲರದ್ದೂ ತೀರಿ ಏನಾದರೂ ಉಳಿದರೆ ಷೇರುದಾರರಿಗೆ. ಸಾಮಾನ್ಯವಾಗಿ ಏನೂ ಉಳಿಯುವುದಿಲ್ಲ. ಕಂಪನಿಯ ಮಾಲೀಕಳು ಎಂದು ಅಮ್ಮ ಹೆಮ್ಮೆಪಟ್ಟಳಲ್ಲ, ಅಡುಗೆ ಮಾಡಿದ ಮನೆಯಾಕೆ ಎಲ್ಲರದಾದ ಮೇಲೆ ಊಟಕ್ಕೆ ಕೂರುವಂತೆ ಮಾಲೀಕರ ಸರದಿಯೂ ಕಡೆಗೇ.

ಎದುರುಮನೆಯ ಚೆಕ್ಕು ಎಲ್ಲಿಂದ ಬಂದಿರಬಹುದೆಂದು ನನಗೆ ಆಗ ಹೊಳೆಯಿತು.

ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಮುಂದಿನ ಭಾನುವಾರ ವಿಜಯನಗರಕ್ಕೆ ಹೋದೆ. ಚಿಕ್ಕಮ್ಮ ಮಗಳ ಮನೆಯಲ್ಲಿದ್ದಾರೆ. ಚಿಕ್ಕಪ್ಪ ಹೋಗಿ ಬಹಳ ವರ್ಷವಾಯಿತು. ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಚುರುಕು. ನನ್ನನ್ನು ನೋಡಿ ಮೊದಲು ಸುಮ್ಮನೆ ಕೂತರು. ಆಮೇಲೆ “ಅಮ್ಮ ಹೋದ ಸುದ್ದಿ ತಡವಾಗಿ ತಿಳೀತು ಕಣೇ, ಬರೋದಕ್ಕೆ ಧೈರ್ಯ ಬರಲಿಲ್ಲ” ಎಂದರು. ನಾನು ಹಾಳೆ ತೆಗೆದು ಕಂಪನಿಯ ಹೆಸರು ತೋರಿಸಿ, ಅವರು ಕೊಂಡ ಕಾಗದ ಯಾವ ಬಗೆಯದೆಂದು ಕೇಳಿದೆ.

“ನಂಗೇನು ಗೊತ್ತಿತ್ತೇ? ಎರಡು ಬಣ್ಣದ ಫಾರಂ ಇತ್ತು. ಇವರು ಆರು ತಿಂಗಳಿಗೊಮ್ಮೆ ಬಡ್ಡಿ ಬರೋದು ತೊಗೊಳ್ಳೋಣ ಅಂದ್ರು. ನಿಮ್ಮಮ್ಮ ಇನ್ನೊಂದನ್ನ ಆರಿಸಿಕೊಂಡ್ಲು. ಬಡ್ಡಿ ಯಾರಿಗೆ ಬೇಕು, ನಾನು ಮಾಲೀಕಳಾಗ್ತೀನಿ ಅಂತ ನಗ್ತಿದ್ಲು.”

ಅವರ ಮಗಳು ಹಳೆಯ ಪೆಟ್ಟಿಗೆಯಿಂದ ಒಂದು ಕವರು ತಂದಳು. ಡಿಬೆಂಚರು ಟ್ರಸ್ಟಿಯವರಿಂದ ಬಂದ ಎರಡು ಪತ್ರಗಳು ಅದರಲ್ಲಿದ್ದವು. ಅಡವಿದ್ದ ಆಸ್ತಿ ಮಾರಿದ ಹಣದಲ್ಲಿ ಡಿಬೆಂಚರುದಾರರಿಗೆ ಅಸಲಿನ ಒಂದು ಭಾಗವನ್ನು ಎರಡು ಕಂತಿನಲ್ಲಿ ಕೊಡಲಾಗಿದೆ ಎಂದು ಬರೆದಿತ್ತು. ಒಟ್ಟು ಡಿಬೆಂಚರು 48 ಲಕ್ಷ ಎಂಬುದೂ ಅದರಲ್ಲಿತ್ತು. ನೆಲದ ಮೇಲೆ ಕೂತು ಮಾಡಿದ ನನ್ನ ಲೆಕ್ಕಕ್ಕೆ ತಾಳೆ ಸಿಕ್ಕಿತ್ತು. ಆ ಕ್ಷಣ ಅದರಿಂದ ಸಂತೋಷವೇನೂ ಆಗಲಿಲ್ಲ.

ಚಿಕ್ಕಪ್ಪ ಯಾರಿಗೂ ಒಂದು ಮಾತೂ ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ಅಮ್ಮನ ಹಣಕ್ಕಾಗಿ ಹೇಳಿದ್ದರೂ ಪ್ರಯೋಜನವಿರಲಿಲ್ಲ. ಒಂದು ಫಾರಂ ಸಾಲದ್ದು, ಇನ್ನೊಂದು ಪಾಲಿನದು. 1982ರಲ್ಲಿ ಬಣ್ಣ ಆರಿಸಿದ ದಿನವೇ ಸರದಿ ನಿಶ್ಚಯವಾಗಿತ್ತು. ಅದನ್ನು ಇಬ್ಬರಿಗೂ ಬಿಡಿಸಿ ಹೇಳಬಲ್ಲವಳು ನಾನೊಬ್ಬಳೇ ಆ ಬೀದಿಯಲ್ಲಿದ್ದೆ. 1996ರಲ್ಲಿ ನನಗೆ ಬಿ.ಕಾಂ. ಆಗಿ ಎಷ್ಟೋ ವರ್ಷವಾಗಿತ್ತು. ಹೆಂಗಸರ ಜಗಳವೆಂದು ನಕ್ಕು ಸುಮ್ಮನಾಗಿದ್ದೆ.

ಈಗ ಕಾಲ ಬದಲಾಗಿದೆ. ಷೇರಿಗೆ ಬೆಲೆ ಎಷ್ಟಿರಬೇಕೆಂದು ದೆಹಲಿಯಲ್ಲಿ ಕೂತ ಅಧಿಕಾರಿ ಹೇಳುತ್ತಿದ್ದ 1947ರ ಬಂಡವಾಳ ನಿಯಂತ್ರಣ ಕಾಯಿದೆ 1992ರಲ್ಲಿ ರದ್ದಾಯಿತು. ಅದೇ ವರ್ಷ ಸೆಬಿಗೆ ಕಾನೂನಿನ ಬಲ ಬಂತು. ಅದರ ಮುಂದಿನ ಕೆಲವು ವರ್ಷ ಕಂಪನಿಗಳು ಮಳೆಗಾಲದ ಅಣಬೆಯಂತೆ ಎದ್ದು ಜನರ ಹಣ ಕೂಡಿಸಿದವು, ಹಲವು ಹೇಳಹೆಸರಿಲ್ಲದೆ ಮಾಯವಾದವು. 1996ರ ಡಿಪಾಸಿಟರಿ ಕಾಯಿದೆಯ ನಂತರ ಷೇರು ಕಾಗದವಾಗಿಯೇ ಉಳಿಯಲಿಲ್ಲ. ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್ ಕೂಡ 2014ರಲ್ಲಿ ಮುಚ್ಚಿತು. ಈಗಿನ ಹುಡುಗಿಯರು ಮೊಬೈಲಿನಲ್ಲೇ ಅರ್ಜಿ ಹಾಕುತ್ತಾರೆ. ಕಂಪನಿ ಹೊರಡಿಸುವ ವಿವರಣಾ ಪುಸ್ತಕದಲ್ಲಿ ಹಣ ಕೂಡಿಸುವ ಖರ್ಚಿನ ಪಟ್ಟಿ ಇಂದಿಗೂ ಇರುತ್ತದೆ: ಯಾರಿಗೆ ಎಷ್ಟು, ಒಟ್ಟು ಮೊತ್ತದಲ್ಲಿ ಅದು ನೂರಕ್ಕೆ ಎಷ್ಟು ಎಂದು. ನೂರಾರು ಪುಟಗಳ ನಡುವೆ ಒಂದು ಪುಟ. ಕಂಪನಿಯ ಭವಿಷ್ಯದ ಬಗ್ಗೆ ಬರೆದದ್ದೆಲ್ಲ ಆಸೆ, ಖರ್ಚಿನ ಪಟ್ಟಿಯಲ್ಲಿರುವುದು ಆಗಲೇ ಒಪ್ಪಿಕೊಂಡ ಲೆಕ್ಕ. ನನ್ನ ಹತ್ತಿರ ಬರುವ ಹುಡುಗಿಯರಿಗೆ ಆ ಪುಟವನ್ನು ಮೊದಲು ತೆಗೆಯಿರಿ ಎನ್ನುತ್ತೇನೆ. ಅದಾದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಸಾಲವೆಷ್ಟು, ಪಾಲೆಷ್ಟು, ನನ್ನ ಸರದಿ ಎಷ್ಟನೆಯದು?

ಹೊರಡುವಾಗ ಚಿಕ್ಕಮ್ಮ ಕುಂಕುಮ ಕೊಟ್ಟರು. ಹಾಳೆಯನ್ನು ಮತ್ತೆ ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು. ಅವರು ನೋಡುತ್ತಿದ್ದುದು ಕಮಿಷನ್ನಿನ ಸಾಲನ್ನಲ್ಲ, ಅಂಚಿನಲ್ಲಿದ್ದ ಹಾಲಿನ ಲೆಕ್ಕವನ್ನು. ಸೋಮವಾರ ಅರ್ಧ ಲೀಟರು, ಮಂಗಳವಾರ ಅರ್ಧ, ಬುಧವಾರ ಒಂದು.

“ಬುಧವಾರ ಒಂದು ಲೀಟರು ಯಾಕೆ ಗೊತ್ತೇನೇ? ನಮ್ಮನೆಗೆ ನೆಂಟರು ಬಂದಿದ್ರು ಅಂತ ಅವಳೇ ತೊಗೊಂಡು ಕಳಿಸಿರ್ತಾಳೆ. ಹಾಗೇ ಮಾಡ್ತಿದ್ಲು” ಎಂದರು. ನಿಜವೋ ಅಲ್ಲವೋ, ನಾನು ಕೇಳಲಿಲ್ಲ. ಹಾಳೆಯನ್ನು ತನಗೆ ಕೊಡುವೆಯಾ ಎಂದರು.

ಬೀದಿಯ ಕೊನೆಯ ಅಂಗಡಿಯಲ್ಲಿ ಝೆರಾಕ್ಸ್ ಮಾಡಿಸಿಕೊಂಡು ಬಂದು ಮೂಲ ಹಾಳೆಯನ್ನು ಅವರಿಗೇ ಕೊಟ್ಟೆ. ಲೆಕ್ಕಕ್ಕೆ ನನಗೆ ನಕಲು ಸಾಕು.